ಕಂಬದ ಮೂರನೆಯ ಮುಖ

ಪ್ರೊಫೆಸರ್ ಉರ್ಬಾನೊ ಅವರೇ,

‘ರೋಮನೆಸ್ಕ್ ಕಟ್ಟಡಗಳ ಬಗ್ಗೆ ನನ್ನ ಸ್ವಂತ ಅನಿಸಿಕೆ’ ಎಂಬ ಪ್ರಬಂಧವನ್ನು ನಾನು ನಿಮಗೆ ಡಿಸೆಂಬರ್ ಒಂದನೆಯ ತಾರೀಖಿನೊಳಗೆ ಕೊಡಬೇಕಿತ್ತು. ಆರು ವರ್ಷ ತಡವಾಗಿದೆ. ಅಂಕ ಕಳೆಯುವುದಾದರೆ ಧಾರಾಳವಾಗಿ ಕಳೆಯಿರಿ. ನಿಮ್ಮ ಕಾಲೇಜಿನ ಮೆಟ್ಟಿಲು ಹತ್ತುವ ಯೋಚನೆ ನನಗಿಲ್ಲ.

ನಿಮಗೆ ನನ್ನ ನೆನಪು ಇರಬಹುದು. ಕಾಸಿಲ್ದಾ, ಸೋರಿಯಾದ ಬೇಕರಿಯವರ ಮಗಳು, ಮೊದಲ ಬೆಂಚಿನಲ್ಲಿ ಕೂತು ನಿಮ್ಮ ಇಸವಿಗಳನ್ನೇ ತಿದ್ದುತ್ತಿದ್ದವಳು. “ಅಳತೆ ಬೇಡ, ಪುಸ್ತಕದಿಂದ ಕದ್ದ ಸಾಲು ಬೇಡ. ಹೋಗಿ ಸುಮ್ಮನೆ ನಿಂತುಕೊಳ್ಳಿ, ಕಲ್ಲು ಏನು ಹೇಳುತ್ತದೋ ಅದನ್ನು ಬರೆದು ತನ್ನಿ” ಎಂದು ನೀವು ತರಗತಿಯಲ್ಲಿ ಹೇಳಿದಾಗ ನಾನು ಒಳಗೊಳಗೇ ನಕ್ಕಿದ್ದೆ. ಕಲ್ಲು ಮಾತಾಡುತ್ತದಂತೆ! ಆದರೂ ಪ್ರಬಂಧ ಬರೆಯಲೇಬೇಕಿತ್ತಲ್ಲ. ಯಾರೂ ನೋಡದ ಹಳೇ ರೋಮನೆಸ್ಕ್ ಕಲ್ಲಿನ ಚರ್ಚು ಬೇಕೆಂದು ವಾಲ್ಸೋರ್ದಾ ಹಳ್ಳಿಯನ್ನು ಆರಿಸಿಕೊಂಡೆ.

ಕರೆದುಕೊಂಡು ಹೋದವನು ನನ್ನ ತಮ್ಮ ಸತುರಿಯೊ. ನನಗಿಂತ ಒಂದು ವರ್ಷಕ್ಕೆ ಚಿಕ್ಕವನು. ಬೆಳಗಿನ ಒಲೆ ಮುಗಿಸಿ, ಕೂದಲಿನಲ್ಲಿ ಹಿಟ್ಟು ಇರುವಾಗಲೇ ಬ್ರೆಡ್ಡಿನ ವ್ಯಾನು ತೆಗೆದ. ದಾರಿಯುದ್ದಕ್ಕೂ ನನ್ನನ್ನು ಗೋಳುಹುಯ್ದುಕೊಂಡ.

“ಅಲ್ವೇ ಅಕ್ಕಾ, ಎಂಟುನೂರು ವರ್ಷದಿಂದ ಬೀಳದೇ ನಿಂತಿರೋದನ್ನ ನೋಡೋಕೆ ಇವತ್ತೇ ಯಾಕೆ ಹೋಗ್ಬೇಕು? ನಾಳೆ ಓಡೋಗುತ್ತಾ?”

“ಬಾಯ್ಮುಚ್ಕೊಂಡು ಓಡ್ಸೋ.”

“ಬಾಯಿ ಮುಚ್ಚಿದ್ರೆ ನಿದ್ದೆ ಬರುತ್ತೆ. ಹಳ್ಳಕ್ಕೆ ಬಿದ್ರೆ ನಿನ್ನ ಪ್ರಬಂಧ ಯಾರು ಬರೀತಾರೆ?”

ವಾಲ್ಸೋರ್ದಾದಲ್ಲಿ ಆಗ ಒಂಬತ್ತು ಮನೆಗಳಿಗೆ ಸೂರು ಉಳಿದಿತ್ತು. ಹೊಗೆ ಬರುತ್ತಿದ್ದುದು ಒಂದರಿಂದ. ನಮ್ಮ ಕಡೆಯ ಹಳ್ಳಿಗಳಲ್ಲಿ ಚರ್ಚಿನ ಬೀಗದ ಕೈ ಪಾದ್ರಿಯ ಹತ್ತಿರ ಇರುವುದಿಲ್ಲ, ಯಾವುದಾದರೂ ಮುದುಕಿಯ ಏಪ್ರನ್ನಿನ ಜೇಬಿನಲ್ಲಿರುತ್ತದೆ. ಹೊಗೆ ಬರುವ ಮನೆಯ ಬಾಗಿಲು ತಟ್ಟಿದೆವು. ಬಾಗಿಲು ತೆಗೆದವಳು ದೊಮಿತಿಲಾ. ಎಪ್ಪತ್ತರ ಹತ್ತಿರದವಳು, ಗಿಡ್ಡಗೆ, ಕಪ್ಪು ಬಟ್ಟೆ ತೊಟ್ಟಿದ್ದಳು. ಎರಡೂ ಅಂಗೈಗಳಲ್ಲಿ ಹಳೆಯ ಗಾಯದ ಗೆರೆ ಅಡ್ಡಡ್ಡ ಹಾದುಹೋಗಿತ್ತು. ಕುಡುಗೋಲು ತಗುಲಿರಬೇಕು ಎಂದುಕೊಂಡೆ.

“ಯಾರ ಮಕ್ಕಳು ನೀವು?”

“ಸೋರಿಯಾದವ್ರು ಅಜ್ಜಿ. ಬೇಕರಿ ಫಾಬಿಯಾನ್ ಮಕ್ಕಳು.”

“ಒಂದೇ ಹೊಟ್ಟೇಲಿ ಹುಟ್ಟಿದೋರಾ?”

“ಹೂಂ ಅಜ್ಜಿ,” ಎಂದ ಸತುರಿಯೊ. “ಮೊದ್ಲು ಬಂದೋಳು ಇದ್ದ ಬುದ್ಧೀನೆಲ್ಲ ಬಾಚ್ಕೊಂಡ್ ಬಂದ್ಳು. ನನ್ ಪಾಲಿಗೆ ಬರೀ ಹಸಿವು ಉಳೀತು.”

ಅವನ ಮಾತಿಗೆ ನಗದವರನ್ನು ನಾನು ಅದೇ ಮೊದಲು ಕಂಡದ್ದು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ವಯಸ್ಸೆಷ್ಟು?” ಎಂದಳು.

“ಇಪ್ಪತ್ತೊಂದು.”

ಬೀಗದ ಕೈ ಅವಳ ಜೇಬಿನಲ್ಲೇ ಇತ್ತು, ಬಟ್ಟೆಯ ಮೇಲೆ ಅದರ ಆಕಾರ ಕಾಣುತ್ತಿತ್ತು. ಆದರೂ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಮತ್ತೆ ಬಂದು ಬೀಗದ ಕೈ ಕೊಟ್ಟಾಗ ಕಣ್ಣು ಕೆಂಪಾಗಿತ್ತು. ಹೊಗೆಯೇನೋ ಎಂದುಕೊಂಡೆ.

ಇಲ್ಲಿಂದ ನೀವು ಕೇಳಿದ ಅನಿಸಿಕೆ.

ಬಾಗಿಲು ಎಷ್ಟು ತಗ್ಗೆಂದರೆ ನಾನೂ ತಲೆ ತಗ್ಗಿಸಬೇಕಾಯಿತು. ಒಳಗೆ ನೆಲಮಾಳಿಗೆಯ ತಂಪು. ಗೋಡೆಯ ದಪ್ಪ ನನ್ನ ಎರಡು ಕೈ ಚಾಚಿದರೂ ಮುಗಿಯಲಿಲ್ಲ. ಕಿಟಕಿಗಳು ಹೊರಗೆ ಅಂಗೈಯಗಲ, ಒಳಗೆ ಬರುತ್ತ ಅಗಲ. ಅದರಲ್ಲಿ ನುಗ್ಗಿದ ಬೆಳಕು ಒಂದೇ ಕಡೆ ಬಿದ್ದು ಉಳಿದಿದ್ದನ್ನೆಲ್ಲ ಕತ್ತಲಿಗೆ ಬಿಟ್ಟಿತ್ತು. ನಾನು ಮಾತಾಡಿದರೆ ನನ್ನ ಮಾತು ಕಮಾನಿನ ಕೆಳಗೆ ಬಹಳ ಹೊತ್ತು ಉಳಿಯುತ್ತಿತ್ತು. ಹೊರಗೆ ನಿಂತವರಿಗೆ ಮಾತ್ರ ಒಂದಕ್ಷರವೂ ಕೇಳುತ್ತಿರಲಿಲ್ಲ. ಮ್ಯಾಡ್ರಿಡ್‌ನ ದೊಡ್ಡ ಚರ್ಚುಗಳಲ್ಲಿ ನಾನು ಕತ್ತೆತ್ತಿ ಮೇಲೆ ನೋಡುತ್ತೇನೆ. ಇಲ್ಲಿ ಮತ್ತೆ ಮತ್ತೆ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

“ಗೋಡೆ ಯಾಕಿಷ್ಟು ದಪ್ಪ ಗೊತ್ತೇನೋ?” ಎಂದು ನಾನು ಪಾಠ ಶುರುಮಾಡಿದೆ. “ಕಲ್ಲಿನ ಕಮಾನು ಗೋಡೇನ ಹೊರಕ್ಕೆ ತಳ್ಳುತ್ತೆ. ಎಲ್ಲಿ ಬಿದ್ದೋಗುತ್ತೋ ಅಂತ ದಪ್ಪ ಕಟ್ಟಿದ್ರು.”

“ಅಂದ್ರೆ ಹೆದರ್ಕೊಂಡು ಕಟ್ಟಿದ್ದು.”

“ಹೆದರ್ಕೊಂಡಲ್ಲ, ಲೆಕ್ಕಾಚಾರ...”

“ಹೆದರ್ಕೊಂಡೇ ಕಣೇ. ಅದನ್ನೇ ಬರಿ. ‘ತುಂಬಾ ಹೆದರಿದ್ದ ಜನ ಇದನ್ನ ಕಟ್ಟಿದ್ರು’ ಅಂತ. ಒಂದು ಸಾಲು, ಹತ್ತಕ್ಕೆ ಹತ್ತು, ಊಟಕ್ಕೆ ಹೋಗೋಣ.”

ಎರಡು ವರ್ಷದ ನಿಮ್ಮ ಪಾಠದಲ್ಲಿ, ಪ್ರೊಫೆಸರ್, ನಾನು ಕೇಳಿದ ಸತ್ಯ ಅದೊಂದೇ.

ಪಶ್ಚಿಮದ ಮೂಲೆಯಲ್ಲಿ, ಗೋಪುರದ ಕೆಳಗೆ, ಗಂಟೆಯ ಹಗ್ಗ ಇಳಿಬಿದ್ದಿತ್ತು. ಅದರ ಪಕ್ಕದಲ್ಲೇ ಆಳೆತ್ತರದ ಒಂಟಿ ಕಂಬ, ಕಂಬಕ್ಕೂ ಗೋಡೆಗೂ ನಡುವೆ ಅಂಗೈ ತೂರುವಷ್ಟು ಸಂದು. ಕಂಬದ ತಲೆಯ ಮೇಲಿನ ಬೋದಿಗೆಯಲ್ಲಿ ಮೂರು ಕಡೆ ಕೆತ್ತನೆಯಿತ್ತು. ಬೆಳಕಿದ್ದ ಎರಡು ಮುಖಗಳನ್ನು ನಾನು ಅಂದವಾಗಿ ಬರೆದುಕೊಂಡೆ. ಮೊದಲನೆಯದರಲ್ಲಿ ಗುಂಡು ತಲೆಯ ಒಬ್ಬ ಹಗ್ಗ ಎಳೆಯುತ್ತಿದ್ದಾನೆ. ಎರಡನೆಯದರಲ್ಲಿ ಇನ್ನೊಬ್ಬ ಹಿಂದಿನಿಂದ ಬಂದು ಅದೇ ಹಗ್ಗಕ್ಕೆ ಕೈಹಾಕಿದ್ದಾನೆ. ಕೆಳಗೆ ಟಿಪ್ಪಣಿ ಬರೆದೆ: ‘ಕಲ್ಲು ಎತ್ತುತ್ತಿರುವ ಇಬ್ಬರು ಕೂಲಿಗಳು. ಚರ್ಚು ಕಟ್ಟಿದ ದೃಶ್ಯ.’ ಎಷ್ಟು ಖಾತ್ರಿಯಿಂದ ಬರೆದೆ ನೋಡಿ.

“ಹಿಂದ್ಗಡೇನೂ ಏನೋ ಇದೆ ಕಣೇ,” ಎಂದ ಸತುರಿಯೊ, ಸಂದಿನಲ್ಲಿ ಕಣ್ಣಿಟ್ಟು.

“ಎಲೆ ಬಳ್ಳಿ ಇರುತ್ತೆ. ಗೋಡೆ ಕಡೆಗೆ ಯಾವಾಗ್ಲೂ ಅಷ್ಟೇ ಕೆತ್ತೋದು.”

“ಎಲೆಗೆ ಬಾಯಿರುತ್ತಾ?”

ನಾನು ಪೆನ್ಸಿಲ್ ಚೂಪು ಮಾಡುತ್ತಿದ್ದೆ, ಎದ್ದು ನೋಡಲಿಲ್ಲ.

ಮಧ್ಯಾಹ್ನ ಬಾಗಿಲ ಮೆಟ್ಟಿಲ ಮೇಲೆ ಕೂತು ನಮ್ಮದೇ ಬೇಕರಿಯ ಬ್ರೆಡ್ಡು, ಖಾರದ ಹಂದಿ ಸಾಸೇಜು ತಿನ್ನುತ್ತಿದ್ದಾಗ ದೊಮಿತಿಲಾ ಬಂದು ನಿಂತಳು. ಸತುರಿಯೊನ ಕೊರಳಲ್ಲಿ ನನ್ನ ಕ್ಯಾಮೆರಾ ನೇತಾಡುತ್ತಿತ್ತು. ಅವಳು ಅದನ್ನು ನೋಡಿದಳು, ಆಮೇಲೆ ಗುಡ್ಡವನ್ನು ನೋಡಿದಳು.

“ಫೋಟೋ ಇಲ್ಲಿಂದ ತೆಗೆದ್ರೆ ಚೆನ್ನಾಗಿರಲ್ಲ ಮಗಾ. ಗುಡ್ಡದ ನೆತ್ತಿ ಮೇಲೆ ನಿಂತ್ರೆ ಇಡೀ ಚರ್ಚು ಅಂಗೈ ಮೇಲಿನ ರೊಟ್ಟಿ ಥರ ಕಾಣುತ್ತೆ. ಹದಿನೈದು ನಿಮಿಷದ ದಾರಿ, ಅಷ್ಟೇ.”

ನನಗೆ ಖುಷಿಯೋ ಖುಷಿ. ಹೋಗಲು ಅವನಿಗೆ ಮನಸ್ಸಿರಲಿಲ್ಲ, ಹೊಟ್ಟೆ ಭಾರವಾಗಿತ್ತು. ನಾನೇ ಎಬ್ಬಿಸಿದೆ. ಇದನ್ನು ಮಾತ್ರ ಸರಿಯಾಗಿ ಓದಿಕೊಳ್ಳಿ, ನಾನೇ ತೋಳು ಹಿಡಿದು ಎಬ್ಬಿಸಿದೆ.

“ಅರ್ಧ ಗಂಟೇಲಿ ಬರ್ತೀನಿ. ಅಷ್ಟರೊಳಗೆ ಆ ಸಾಸೇಜು ಮುಗಿಸಿದ್ರೆ ನೀನು ನನ್ನ ಅಕ್ಕಾನೇ ಅಲ್ಲ,” ಎಂದು ಹೋದ.

ಕಾಲು ಗಂಟೆಗೆ ಮಂಜು ಬಂತು. ನಮ್ಮ ಸೀಮೆಯ ನವೆಂಬರ್ ಮಂಜು ನೆಲದಿಂದ ಏಳುವುದಿಲ್ಲ, ಮೇಲಿನ ಬಯಲಿನಿಂದ ಸದ್ದಿಲ್ಲದೆ ಇಳಿಯುತ್ತದೆ. ಗುಡ್ಡ ಹೋಯಿತು, ವ್ಯಾನು ಹೋಯಿತು, ಹತ್ತು ಹೆಜ್ಜೆ ಆಚೆಯ ಗೋರಿಕಲ್ಲು ಹೋಯಿತು. ಆ ಬಯಲಿನಲ್ಲಿ ಸುಣ್ಣಕಲ್ಲಿನ ಬಾವಿಗಳಂಥ ಗುಳಿಗಳಿವೆ, ಕುರಿ ಕಾಯುವವರೇ ಬಿದ್ದಿದ್ದಾರೆ. ಕೂಗಿದೆ. ಕೂಗು ನನ್ನ ಬಾಯಿಯ ಮುಂದೆಯೇ ಸತ್ತಿತು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಸೋರಿಯಾದ ಯಾವ ಮಗುವಿಗೂ ಹೇಳಿಕೊಡಬೇಕಾಗಿಲ್ಲ. ಕಳೆದುಹೋದವರಿಗಾಗಿ ಗಂಟೆ ಹೊಡೆಯಬೇಕು. ಕಳೆದವರ ಒಡಹುಟ್ಟಿದವರು ಹೊಡೆದರೆ ಒಳ್ಳೆಯದು. ಬಾಗಿಲಿಗೆ ಬೆನ್ನು ಮಾಡಿ ಹೊಡೆಯಬೇಕು, ದಾರಿ ಕಾಯುವ ಕಣ್ಣು ಕಂಡರೆ ಬರುವವರು ಹೊಸ್ತಿಲಲ್ಲೇ ನಿಂತುಬಿಡುತ್ತಾರೆ. ನಡುವೆ ನಿಲ್ಲಿಸಬಾರದು. ಬಂದವನು ಮಾತಾಡದೆ ಹಗ್ಗಕ್ಕೆ ಕೈಹಾಕಿ ಕೊನೆಯ ಏಟನ್ನು ತಾನೇ ಎಳೆಯುತ್ತಾನೆ. ಆಗ ಹೊಡೆಯುವವರು ಕೈಬಿಡಬೇಕು. ನನ್ನ ಅಜ್ಜ ಹಾಗೆ ಎರಡು ಸಲ ಬಂದವನು.

“ಹೊಡಿ ಮಗಳೇ,” ಎಂದಳು ದೊಮಿತಿಲಾ. ನಾನು ಆಗಲೇ ಹಗ್ಗ ಹಿಡಿದಿದ್ದೆ.

“ನೀವೂ ಕೈಹಾಕಿ ಅಜ್ಜಿ, ತುಂಬ ಭಾರ.”

“ನಾನು ಮುಟ್ಟೋ ಹಾಗಿಲ್ಲ.”

ಏಕೆಂದು ಕೇಳುವ ವ್ಯವಧಾನ ನನಗಿರಲಿಲ್ಲ. ಮೈಭಾರ ಬಿಟ್ಟು ಎಳೆದೆ. ವಿಚಿತ್ರ ಕೇಳಿ: ಆ ಗೋಡೆಗಳೊಳಗೆ ಗಂಟೆಯ ಸದ್ದು ಸರಿಯಾಗಿ ಕೇಳುವುದೇ ಇಲ್ಲ. ಮೇಲೆಲ್ಲೋ ಯಾರೋ ಹಲಗೆ ಬಡಿದಂತೆ ಒಂದು ದಡ್ ಎಂಬ ಸದ್ದು, ಅಷ್ಟೇ. ಹೊರಗೆ ಕೇಳುತ್ತಿದೆಯೋ ಇಲ್ಲವೋ ಗೊತ್ತಾಗದೆ ಎಳೆಯುತ್ತಲೇ ಇರಬೇಕು. ಕಣ್ಣ ಮುಂದೆ ಗೋಡೆ, ಪಕ್ಕದಲ್ಲಿ ಆ ಕಂಬ, ಮೊದಲ ಮುಖದ ಗುಂಡು ತಲೆಯವನು ನನ್ನ ಜೊತೆಗೇ ಎಳೆಯುತ್ತಿದ್ದ. ಒಂದು ಗಂಟೆಯಾಯಿತು. ಅಂಗೈ ಸುಲಿಯಿತು. ಇನ್ನೂ ಅರ್ಧ ಗಂಟೆ. ಹಗ್ಗ ರಕ್ತದಲ್ಲಿ ಜಾರತೊಡಗಿತು. ‘ಬಾರೋ, ಬಾರೋ, ಬಂದರೆ ಇನ್ನೊಂದು ಸಲ ನಿನಗೆ ಬಾಯ್ಮುಚ್ಚು ಅನ್ನಲ್ಲ’ ಎಂದು ಒಂದೇ ಸಮನೆ ಹೇಳಿಕೊಳ್ಳುತ್ತಿದ್ದೆ. ಆಗ ಬೆನ್ನ ಹಿಂದೆ ತಣ್ಣನೆ ಗಾಳಿ ಆಡಿತು. ಒದ್ದೆ ಉಣ್ಣೆಯ ವಾಸನೆ ಬಂತು. ನನ್ನ ಕೈಗಳ ಮೇಲುಗಡೆ ಇನ್ನೊಂದು ಕೈ ಹಗ್ಗ ಹಿಡಿಯಿತು.

ನಾನು ಕೈಬಿಟ್ಟೆ.

ಆ ಕೈ ಒಂದೇ ಏಟು ಎಳೆಯಿತು. ಅದು ಮಾತ್ರ ಒಳಗೂ ಸ್ಪಷ್ಟವಾಗಿ ಕೇಳಿತು.

“ಕತ್ತೆ! ಜೀವ ತೆಗೆದ್ಯಲ್ಲೋ!” ಎಂದು ಅಳುತ್ತ ನಗುತ್ತ ತಿರುಗಿದೆ.

ಇಪ್ಪತ್ತು ಇಪ್ಪತ್ತೊಂದರ ಹುಡುಗ. ಹೊದ್ದಿದ್ದ ಕಂಬಳಿಯ ಭುಜಗಳ ಮೇಲೆ ಹಿಮ ಕೂತಿತ್ತು. ಅಂದು ಹಿಮ ಬಿದ್ದಿರಲಿಲ್ಲ, ಆ ವರ್ಷ ಅಲ್ಲಿಯವರೆಗೂ ಬಿದ್ದಿರಲಿಲ್ಲ. ಕಾಲಿಗೆ ಹಳೇ ಕಾಲದ ತೊಗಲಿನ ಮೆಟ್ಟು. ಅವನು ನನ್ನನ್ನು ನೋಡಲೇ ಇಲ್ಲ. ಬಾಗಿಲ ಬಳಿ ನಿಂತಿದ್ದ ಮುದುಕಿಯನ್ನು ನೋಡುತ್ತಿದ್ದ.

“ತಂಗೀ,” ಎಂದ. “ಗಂಟೆ ನಿಂತೋಗಿತ್ತಲ್ಲೇ.”

“ಕೈ ಕಿತ್ತೋಯ್ತಣ್ಣಾ,” ಎಂದಳು ದೊಮಿತಿಲಾ. ಎಪ್ಪತ್ತರ ಮುದುಕಿ, ಹದಿನೆಂಟರ ಹುಡುಗಿಯ ದನಿಯಲ್ಲಿ ಅಂದಳು. “ಅಮ್ಮ ಬಿಡಿಸಿಬಿಟ್ಳು. ನಾನು ಬಿಡಲ್ಲ ಅಂದೆ, ಬಿಡಿಸಿಬಿಟ್ಳು.” ಅವನ ತೋಳು ಹಿಡಿದುಕೊಂಡಳು. ಇಬ್ಬರೂ ಮಂಜಿನೊಳಗೆ ಮನೆಯ ಕಡೆ ನಡೆದುಹೋದರು.

ನಾನು ಮತ್ತೆ ಹಗ್ಗ ಹಿಡಿದು ಎಳೆದೆ. ಮೂರು ಗಂಟೆ ಎಳೆದೆ. ಮಂಜು ಕರಗಿತು, ಇಳಿಬಿಸಿಲು ಬಂತು, ಗುಡ್ಡದ ಪ್ರತಿ ಕಲ್ಲೂ ತೊಳೆದಿಟ್ಟ ಹಾಗೆ ಕಂಡಿತು. ಗುಡ್ಡದ ಮೇಲೆ ಯಾರೂ ಇರಲಿಲ್ಲ.

ನೆತ್ತಿಯವರೆಗೂ ಓಡಿದೆ. ಒಂದು ಚಪ್ಪಟೆ ಬಂಡೆಯ ಮೇಲೆ ನನ್ನ ಕ್ಯಾಮೆರಾ ಜೋಪಾನವಾಗಿ ಕೂತಿತ್ತು. ಆಮೇಲೆ ಕೆಳಗಿಳಿದು ದೊಮಿತಿಲಾಳ ಬಾಗಿಲು ಬಡಿದೆ, ಒದ್ದೆ, ಬಾಯಿಗೆ ಬಂದಂತೆ ಬೈದೆ. ಬಾಗಿಲು ಅಂಗೈಯಗಲ ತೆರೆಯಿತು. ಅವಳ ಹಿಂದೆ ಒಲೆಯ ಮುಂದೆ ಯಾರದೋ ಬೆನ್ನು ಕಂಡಿತು. ಕಂಬಳಿಯಿಂದ ಹಬೆ ಏಳುತ್ತಿತ್ತು.

“ನನ್ನ ತಮ್ಮ ಎಲ್ಲಿ?”

“ಅಲ್ಲೇ ಇದ್ದಾನೆ. ಇವನು ಇದ್ದ ಕಡೆ.” ಅವಳು ಪಿಸುಗುಟ್ಟಿದಳು. “ನನ್ನಣ್ಣ ಬೌದಿಲಿಯೊ ಕಳೆದುಹೋಗಿ ನಲವತ್ತೊಂಬತ್ತು ವರ್ಷ ಆಗಿತ್ತು ಮಗಳೇ. ಮೊದ್ಲು ಕಳೆದೋನು ಮೊದ್ಲು ಬರ್ತಾನೆ, ಅದು ಅಲ್ಲಿಯ ಪದ್ಧತಿ. ಒಂದು ಸಲ ಕೈಬಿಟ್ಟೋಳು ಎಷ್ಟು ಹೊಡೆದ್ರೂ ಅವಳ ಒಡಹುಟ್ಟಿದೋನು ಬರಲ್ಲ. ಬೇರೆ ಕೈ ಬೇಕು. ಆ ಕೈಯೋಳು ತನ್ನೋರನ್ನ ಕಳ್ಕೊಂಡಿರ್ಬೇಕು.”

“ಗೊತ್ತಿದ್ದೂ ಅವನನ್ನ ಗುಡ್ಡ ಹತ್ತಿಸಿದ್ರಾ?”

“ಗೊತ್ತಿದ್ದೇ ಹತ್ತಿಸ್ದೆ. ಬೈಯಿ, ಕಲ್ಲು ಹೊಡಿ, ನಿಂಗೆ ಆ ಹಕ್ಕಿದೆ.” ಅವಳ ಕಣ್ಣಲ್ಲಿ ನೀರಿತ್ತು. ನಾಚಿಕೆ ಮಾತ್ರ ಇರಲಿಲ್ಲ. “ಬೀಗದ ಕೈ ವಾಪಸ್ ಕೊಡ್ಬೇಡ. ನಿನ್ ಹತ್ರಾನೇ ಇರ್ಲಿ. ಬೇಕಾಗುತ್ತೆ.”

ಪೊಲೀಸರು ನಾಯಿ ತಂದು ನಾಲ್ಕು ದಿನ ಹುಡುಕಿದರು. ಗುಳಿಗಳಲ್ಲಿ ಹಗ್ಗ ಕಟ್ಟಿ ಇಳಿದರು. ಪಾಪ, ಅವರ ತಪ್ಪೇನಿಲ್ಲ. ಐದನೆಯ ದಿನ ಮುದುಕಿಯ ಮನೆಯ ಹೊಗೆಯೂ ನಿಂತಿತು. ಬಾಗಿಲು ಮುರಿದಾಗ ಅವಳು ಕುರ್ಚಿಯಲ್ಲಿ ಕೂತೇ ಹೋಗಿದ್ದಳು, ಮುಖದಲ್ಲಿ ಹಬ್ಬದ ದಿನದ ಕಳೆ. ಮೇಜಿನ ಮೇಲೆ ಎರಡು ಬಟ್ಟಲು, ಎರಡೂ ಖಾಲಿ. ಆ ಹುಡುಗ ಎಲ್ಲೂ ಇರಲಿಲ್ಲ, ಎದುರಿನ ಕುರ್ಚಿಯ ಕೆಳಗೆ ನೆಲ ಒದ್ದೆಯಾಗಿತ್ತು.

ಆಮೇಲೆ ನಾನು ಆ ಕಂಬದ ಹತ್ತಿರ ಹೋದೆ. ಸಂದಿನಲ್ಲಿ ಕೈಗನ್ನಡಿ ತೂರಿಸಿ ಟಾರ್ಚು ಬಿಟ್ಟೆ. ಮೂರನೆಯ ಮುಖದಲ್ಲಿ ಎಲೆ ಬಳ್ಳಿ ಇರಲಿಲ್ಲ. ಅಲೆಯಲೆಯಾಗಿ ಕೆತ್ತಿದ ಮಂಜಿನಲ್ಲಿ ಸೊಂಟದವರೆಗೆ ಮುಳುಗಿದ ಒಬ್ಬ ಚಿಕ್ಕ ಮನುಷ್ಯ. ಎರಡೂ ಕೈ ಕಿವಿಯ ಹಿಂದೆ. ಬಾಯಿ ದೊಡ್ಡದಾಗಿ ತೆರೆದಿದೆ. ಅವನ ಪಕ್ಕದಲ್ಲಿ ಯಾರೂ ಇಲ್ಲ. ಓದಲು ಬಾರದವರಿಗಾಗಿ ಚರ್ಚಿನ ಕಲ್ಲುಗಳಲ್ಲಿ ಕತೆ ಕೆತ್ತಿದ್ದಾರೆ ಎಂದು ನೀವೇ ಪಾಠ ಮಾಡಿದ್ದಿರಿ. ಎಂಟುನೂರು ವರ್ಷದ ಹಿಂದೆ ಯಾರೋ ಒಬ್ಬ ಅಣ್ಣನೋ ತಂಗಿಯೋ ಕೈಬಿಟ್ಟು, ತಿರುಗಿ ನೋಡಿ, ಆಮೇಲೆ ಬಂದವರಿಗೆ ಎಚ್ಚರಿಕೆ ಕೊಡಲು ಅದನ್ನು ಹಗ್ಗದ ಪಕ್ಕದಲ್ಲೇ ಕೆತ್ತಿಸಿದ್ದರು. ಅಕ್ಷರ ಕಲಿತ ನಾನು ಕಣ್ಣಿದ್ದೂ ಕುರುಡಿಯಾದೆ. ತಮ್ಮ ತೋರಿಸಿದ, ನಾನು ಪೆನ್ಸಿಲ್ ಚೂಪು ಮಾಡುತ್ತಿದ್ದೆ.

ಆ ವರ್ಷವೇ ದೊಮಿತಿಲಾಳ ಮನೆಗೆ ಬಂದು ಸೇರಿಕೊಂಡೆ. ಅಮ್ಮ ಸೋರಿಯಾದಲ್ಲಿ ಇವತ್ತಿಗೂ ಅವನ ಪಾಲಿನ ಹಿಟ್ಟನ್ನು ತಾನೇ ನಾದುತ್ತಾಳೆ. ತಿಂಗಳಿಗೊಮ್ಮೆ ಬಂದು, ನನ್ನ ಅಂಗೈ ನೋಡಿ, ಬ್ರೆಡ್ಡು ಇಟ್ಟು ಹೋಗುತ್ತಾಳೆ. ಮಂಜು ಇಳಿದಾಗಲೆಲ್ಲ ನಾನು ಗಂಟೆ ಹೊಡೆದಿದ್ದೇನೆ. ಮುದುಕಿ ಹೇಳಿದ್ದು ನಿಜ, ನನ್ನ ಕೈಗೆ ಅವನು ಬರುವುದಿಲ್ಲ. ಮೊದಮೊದಲು ಅವಳ ಗೋರಿಗೆ ಉಗಿಯುತ್ತಿದ್ದೆ. ಈಗ ಹೂವಿಡುತ್ತೇನೆ. ತನಗೆ ಬಂದಾಗಲೇ ತಿಳಿಯುವುದು ಅನ್ನುತ್ತಾರಲ್ಲ, ಹಾಗೆ.

ಹೋದ ವರ್ಷ ಲೊಗ್ರೊನ್ಯೊ ಕಡೆಯ ಇಬ್ಬರು ಬಂದು ಬೀಗದ ಕೈ ಕೇಳಿದರು. ಅಣ್ಣ, ತಂಗಿ. ಹುಡುಗ ಬಹಳ ಮಾತಿನವನು, ನನ್ನ ಒಲೆ ನೋಡಿ ತಮಾಷೆ ಮಾಡಿದ. ಮೇಲಿನ ಬಯಲಿನ ಅಂಚು ಆಗಲೇ ಬೆಳ್ಳಗಾಗಿತ್ತು. ಗುಡ್ಡದ ನೆತ್ತಿಯ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. “ಮಂಜು ಬರುತ್ತೆ, ಬೇಗ ಹೊರಡಿ ಮಕ್ಕಳೇ,” ಎಂದು ಅಟ್ಟಿದೆ. ಅವರ ಕಾರು ಮರೆಯಾದ ಮೇಲೆ ಬಾಗಿಲಲ್ಲೇ ಕುಸಿದು ಕೂತು ತಲೆ ಚಚ್ಚಿಕೊಂಡೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಬರಗೊಡದವಳು ನಾನೇ. ಆ ಚಳಿಗಾಲವಿಡೀ ಮೂರನೆಯ ಮುಖದವನು ನನ್ನ ಕಡೆಗೇ ಬಾಯಿ ತೆರೆದಿದ್ದ.

ಎರಡನೆಯ ಸಲ ನುಂಗಲು ನನ್ನಿಂದಾಗದು. ನಾನು ಅವನ ಅಕ್ಕ.

ನೀವು ಇದನ್ನು ನಂಬುವುದಿಲ್ಲ, ಗೊತ್ತು. ತಮ್ಮನನ್ನು ಕಳೆದುಕೊಂಡು ತಲೆ ಕೆಟ್ಟಿದೆ, ಆದರೂ ಹುಡುಗಿ ಚೆನ್ನಾಗಿ ಬರೆದಿದ್ದಾಳೆ ಎಂದುಕೊಂಡು ತರಗತಿಯಲ್ಲಿ ಓದಿಯೂ ಓದುತ್ತೀರಿ. ನಂಬಬೇಡಿ. ನಂಬಿದರೆ ಯಾರನ್ನೂ ಕಳಿಸುವುದಿಲ್ಲ.

ಈ ವರ್ಷವೂ ನೀವು ಅದೇ ಪ್ರಬಂಧ ಕೊಟ್ಟಿರುತ್ತೀರಿ. ನಿಮ್ಮ ವಿದ್ಯಾರ್ಥಿಗಳನ್ನು ವಾಲ್ಸೋರ್ದಾಕ್ಕೆ ಕಳಿಸಿ. ನವೆಂಬರಿನಲ್ಲಿ ಬಂದರೆ ಕಲ್ಲಿನ ಬಣ್ಣ ಚೆನ್ನಾಗಿರುತ್ತದೆ. ಒಬ್ಬೊಬ್ಬರನ್ನೇ ಕಳಿಸಬೇಡಿ, ದಾರಿ ದೂರ. ಅಣ್ಣನನ್ನೋ ತಮ್ಮನನ್ನೋ ಜೊತೆಗೆ ಕರೆದುಕೊಂಡು ಬರಲಿ. ಬಿಸಿ ಊಟ ಹಾಕುತ್ತೇನೆ. ಕ್ಯಾಮೆರಾ ತರಲು ಮರೆಯದಿರಲಿ. ಗುಡ್ಡದ ನೆತ್ತಿ ಮೇಲೆ ನಿಂತರೆ ಇಡೀ ಚರ್ಚು ಅಂಗೈ ಮೇಲಿನ ರೊಟ್ಟಿಯ ಥರ ಕಾಣುತ್ತದೆ. ಹದಿನೈದು ನಿಮಿಷದ ದಾರಿ, ಅಷ್ಟೇ.

ಬೀಗದ ಕೈ ನನ್ನ ಹತ್ತಿರ ಇದೆ. ಹೊಗೆ ಬರುವ ಮನೆ.

ನಿಮ್ಮ ವಿದ್ಯಾರ್ಥಿನಿ,
ಕಾಸಿಲ್ದಾ